ಬೇಡಪ್ಪನವರ ಕುರ್ಚಿ

ಬೇಡಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾವ ತಂದೆತಾಯಿಯೂ ಮಗುವಿನ ಮುಖ ನೋಡಿ ಅಷ್ಟು ನಿಷ್ಠುರವಾಗಿ ಮಾತಾಡುವುದಿಲ್ಲ. ಅದು ಕ್ಷೌರದಂಗಡಿಯ ಪೋಕರ್ ಮೇಜಿನಲ್ಲಿ ಹುಟ್ಟಿದ ಹೆಸರು. ಎರಡು ಎಲೆ ಮುಂದೆ ಬಿದ್ದೊಡನೆ ಅವುಗಳ ಮೂಲೆಯನ್ನು ಹೆಬ್ಬೆರಳಿನಿಂದ ಒಂದಿಷ್ಟೇ ಎತ್ತಿ, ಇಣುಕಿ, "ಬೇಡಪ್ಪ" ಎಂದು ಅವನ್ನು ಮುಂದಕ್ಕೆ ತಳ್ಳಿಬಿಡುವುದು ಅವರ ಪದ್ಧತಿ. ಮೊದಮೊದಲು ಅದೊಂದು ಮಾತಾಗಿತ್ತು. ಆಮೇಲೆ ತಮಾಷೆಯಾಯಿತು. ಕೊನೆಗೆ ಗೌರವದ ಬಹುವಚನವೂ ಸೇರಿಕೊಂಡು ಬೇಡಪ್ಪನವರು ಎಂದಾಗಿ, ಅದೇ ಅವರ ಹೆಸರಾಗಿ ಕೂತುಬಿಟ್ಟಿತು. ಅವರೂ ತಕರಾರು ತೆಗೆಯಲಿಲ್ಲ. ತಕರಾರು ತೆಗೆದರೆ ನಿಜವಾದ ಹೆಸರು ಹೇಳಬೇಕಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕ್ಷೌರಿಕರು ಅಂಗಡಿಯ ಶಟರನ್ನು ಅರ್ಧಕ್ಕೆ ಇಳಿಸುತ್ತಿದ್ದರು. ಗಿರಾಕಿಗಳ ಕೊರಳಿಗೆ ಸುತ್ತುವ ಬಿಳಿ ಬಟ್ಟೆಗಳನ್ನು ಕನ್ನಡಿಗಳ ಮೇಲೆ ಇಳಿಬಿಡುತ್ತಿದ್ದರು. ಇಲ್ಲದಿದ್ದರೆ ಮೂರು ಗೋಡೆಯ ಕನ್ನಡಿಗಳಲ್ಲಿ ಎಲ್ಲರ ಎಲೆಯೂ ಎಲ್ಲರಿಗೂ ಕಂಡು, ಆಟ ಆಡುವುದಕ್ಕಿಂತ ಕಣ್ಣು ಮುಚ್ಚಿಕೊಂಡು ಧ್ಯಾನ ಮಾಡುವುದೇ ಮೇಲು ಎಂಬಂತಾಗುತ್ತಿತ್ತು. ನಡುವೆ ಒಂದು ದುಂಡು ಮೇಜು, ಸುತ್ತ ಐದು ಕುರ್ಚಿ. ಆರನೆಯದನ್ನು ತುರುಕಲು ಒಮ್ಮೆ ನೋಡಿದ್ದರು. ಔಷಧಿ ಅಂಗಡಿಯವರ ಮೊಣಕೈ ಸೋಪಿನ ಬಟ್ಟಲಿಗೆ ಇಳಿದದ್ದರಿಂದ ಆ ಪ್ರಯೋಗ ಅಲ್ಲಿಗೆ ನಿಂತಿತು.

ಆ ಐದು ಕುರ್ಚಿಯಲ್ಲಿ ಕ್ಷೌರಿಕರು, ಔಷಧಿ ಅಂಗಡಿಯವರು, ನಿವೃತ್ತ ಮೇಷ್ಟ್ರು, ಲಾಂಡ್ರಿಯಮ್ಮ ಮತ್ತು ಬೇಡಪ್ಪನವರು. ದುಡ್ಡಿನ ಆಟವಲ್ಲ, ಗುಂಡಿಯ ಆಟ. ಯಾರ‍್ಯಾರದೋ ಅಂಗಿಗಳಿಂದ ಕಳಚಿ ಬಿದ್ದ ಗುಂಡಿಗಳನ್ನು ಲಾಂಡ್ರಿಯಮ್ಮ ಒಂದು ಡಬ್ಬಿಯಲ್ಲಿ ಕೂಡಿಟ್ಟು ತರುತ್ತಿದ್ದರು. ಆ ಬೀದಿಯಲ್ಲಿ ಎದೆಯ ಬಳಿ ಗುಂಡಿಯಿಲ್ಲದ ಅಂಗಿ ತೊಟ್ಟವರು ಎದುರಾದರೆ, ಅವರ ಗುಂಡಿ ಈ ಹೊತ್ತು ಯಾರ ಪಾಲಾಗಿದೆ ಎಂದು ಹೇಳಬಲ್ಲವರು ಐದೇ ಜನ.

ಆಟ ಗೊತ್ತಿಲ್ಲದವರಿಗೆ ಇಷ್ಟು ತಿಳಿದರೆ ಸಾಕು. ಎಲ್ಲರೂ ಮೊದಲೇ ಒಂದೊಂದು ಗುಂಡಿ ನಡುವೆ ಇಡಬೇಕು. ಆಮೇಲೆ ಪ್ರತಿಯೊಬ್ಬರಿಗೂ ಎರಡು ಎಲೆ ಬರುತ್ತವೆ. ಅವನ್ನು ನೋಡಿಕೊಂಡು, ಆಡುವವರು ಇನ್ನಷ್ಟು ಗುಂಡಿ ಹಾಕುತ್ತಾರೆ, ಆಡದವರು ಎಲೆ ಇಟ್ಟುಬಿಡುತ್ತಾರೆ. ಉಳಿದವರಿಗಾಗಿ ಮೇಜಿನ ಮೇಲೆ ಐದು ಎಲೆಗಳು ಒಂದಾದ ಮೇಲೊಂದು ಬೀಳುತ್ತವೆ. ಯಾರ ಕೈ ದೊಡ್ಡದೋ ಗುಂಡಿಗಳೆಲ್ಲ ಅವರಿಗೆ. ಎಲ್ಲರೂ ಹೆದರಿ ಬಿಟ್ಟುಹೋದರೆ ಉಳಿದ ಒಬ್ಬರಿಗೆ. ಹೀಗಾಗಿ ಇಡೀ ಆಟದ ಮರ್ಮ ಮೊದಲ ಎರಡು ಎಲೆಯಲ್ಲೇ ಇದೆ: ಇಷ್ಟನ್ನು ನಂಬಿ ಹೊರಡಬಹುದೇ, ಬಾರದೇ?

ಲಾಂಡ್ರಿಯಮ್ಮ ಯಾವುದನ್ನು ನಂಬಿಯಾದರೂ ಹೊರಡುತ್ತಿದ್ದರು. "ಬಂದ ಎಲೇನ ವಾಪಸ್ ಕಳಿಸೋಕೆ ಮನಸ್ಸು ಬರಲ್ಲ ಕಣ್ರೀ" ಎನ್ನುವುದು ಅವರ ಸಿದ್ಧಾಂತ. ಬೇಡಪ್ಪನವರು ಎರಡು ಎಕ್ಕ, ಎರಡು ರಾಜ, ತೀರಾ ಉದಾರವಾದ ದಿನ ಎರಡು ರಾಣಿ ಬಂದರೆ ಮಾತ್ರ ಆಡುತ್ತಿದ್ದರು. ಅವರು ಆಡಿದರೆಂದರೆ ಉಳಿದ ನಾಲ್ವರೂ ಒಟ್ಟಿಗೆ ಎಲೆ ಇಟ್ಟು ಮೈ ಮುರಿಯುತ್ತಿದ್ದರು. ನಡುವೆ ಇದ್ದ ಐದು ಗುಂಡಿಯನ್ನು ಬೇಡಪ್ಪನವರು ಸದ್ದಿಲ್ಲದೆ ಎಳೆದುಕೊಳ್ಳುತ್ತಿದ್ದರು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಸಂಜೆಗೆ ಅವರ ಗುಂಡಿಗಳು ಒಂದೊಂದಾಗಿ ಸವೆದಿರುತ್ತಿದ್ದವು, ಖಾಲಿಯಾಗುತ್ತಿರಲಿಲ್ಲ. ಮೊದಲು ಗುಂಡಿ ಖಾಲಿಯಾದವರು ಎಲ್ಲರಿಗೂ ಟೀ ತರಬೇಕೆಂಬುದು ಅಲ್ಲಿನ ನಿಯಮ. ಬೇಡಪ್ಪನವರು ಒಮ್ಮೆಯೂ ಟೀ ತಂದವರಲ್ಲ. ಈ ವಿಷಯದಲ್ಲಿ ಅವರಿಗೆ ಒಳಗೊಳಗೇ ಒಂದು ಹೆಮ್ಮೆ ಇತ್ತು.

ಎಲೆ ಇಟ್ಟ ಮೇಲೆ ಅವರು ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿಕೊಂಡು ಕೂರುತ್ತಿದ್ದರು. ಅರ್ಧ ಇಳಿಸಿದ ಶಟರಿನ ಕೆಳಗೆ ಹೋಗಿಬರುವವರ ಕಾಲುಗಳು ಮೊಣಕಾಲಿನವರೆಗೆ ಮಾತ್ರ ಕಾಣುತ್ತಿದ್ದವು. ಬೆನ್ನ ಹಿಂದೆ ಆಟ, ನಗು, ಔಷಧಿ ಅಂಗಡಿಯವರ ಹೆಂಡತಿಯ ಸೊಂಟನೋವು, ಮೇಷ್ಟ್ರ ಅಳಿಯನ ಸೋಮಾರಿತನ. ಬೇಡಪ್ಪನವರು ಕಾಲುಗಳನ್ನು ನೋಡುತ್ತಿದ್ದರು.

ಅವರ ಈ ಬಿಗಿ ಬಂದದ್ದು ಕೆಲಸದಿಂದ. ಗಾಜಿನ ಸೀಸೆ ಮಾಡುವ ಕಾರ್ಖಾನೆಯಲ್ಲಿ ಅವರು ಸೀಸೆ ನೋಡುವವರು. ಬೆಳ್ಳಗೆ ಬೆಳಗುವ ಪರದೆಯ ಮುಂದೆ ಪಟ್ಟಿಯ ಮೇಲೆ ಸೀಸೆಗಳು ಸಾಲಾಗಿ ಸಾಗುತ್ತವೆ. ಗುಳ್ಳೆ, ಬಿರುಕು, ಸೊಟ್ಟ ಬಾಯಿ, ಕರಗದೆ ಉಳಿದ ಕಲ್ಲಿನ ಚೂರು, ಏನು ಕಂಡರೂ ಹೆಬ್ಬೆರಳಿನಿಂದ ಒಂದು ತಳ್ಳು. ಸೀಸೆ ಪಕ್ಕದ ಜಾರುಹಲಗೆಯಲ್ಲಿ ಇಳಿದು ಕೆಳಗೆ ಒಡೆದು, ಮತ್ತೆ ಕುಲುಮೆಗೆ ಹೋಗುತ್ತದೆ. ಅಲ್ಲಿಯ ನ್ಯಾಯ ಸರಳ. ಕೆಟ್ಟ ಸೀಸೆ ತಪ್ಪಿಸಿಕೊಂಡು ಹೋದರೆ ಕರೆದು ಕೇಳುತ್ತಾರೆ. ಒಳ್ಳೆಯದನ್ನು ಎಸೆದರೆ ಯಾರೂ ಕೇಳುವುದಿಲ್ಲ. ಒಡೆದ ಗಾಜು ಬಿದ್ದಷ್ಟೂ ಕುಲುಮೆಗೆ ಕರಗಿಸುವುದು ಸಲೀಸು. ಅನುಮಾನ ಬಂದರೆ ತಳ್ಳು, ನಷ್ಟವೇನಿಲ್ಲ. ಹೀಗೆ ತಳ್ಳಿ ತಳ್ಳಿ ಬೇಡಪ್ಪನವರ ಹೆಬ್ಬೆರಳಿಗೆ ಅದರದೇ ಒಂದು ಬುದ್ಧಿ ಬಂದುಬಿಟ್ಟಿತ್ತು.

ಮದುವೆಯ ವಯಸ್ಸಿನಲ್ಲೂ ಆ ಹೆಬ್ಬೆರಳು ಸುಮ್ಮನಿರಲಿಲ್ಲ. ಅಕ್ಕ ಒಂದಾದ ಮೇಲೊಂದು ಸಂಬಂಧ ತಂದಳು. ಒಬ್ಬಳ ನಗು ಜೋರು. ಒಬ್ಬಳದು ನಗುವೇ ಇಲ್ಲ. ಇನ್ನೊಬ್ಬಳಲ್ಲಿ ಏನೂ ದೋಷ ಸಿಕ್ಕದೆ, ದೋಷವೇ ಕಾಣದಿರುವುದು ಅನುಮಾನಕ್ಕೆ ಎಡೆ ಎಂದು ಅವಳನ್ನೂ ಬಿಟ್ಟರು. "ನೀನು ಹುಡುಗಿ ನೋಡ್ತಿದೀಯೋ ಸೀಸೆ ನೋಡ್ತಿದೀಯೋ?" ಎಂದು ಅಕ್ಕ ಕೇಳಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಈಗ ಆಗಾಗ ಫೋನು ಮಾಡಿ, ಊಟ ಆಯ್ತಾ ಎಂದು ವಿಚಾರಿಸಿ ಇಟ್ಟುಬಿಡುತ್ತಾಳೆ. ಬೇಡಪ್ಪನವರ ವಾರದಲ್ಲಿ ಮನುಷ್ಯರ ಮಾತು ಕಿವಿಗೆ ಬೀಳುವ ಜಾಗ ಎಂದರೆ ಅಕ್ಕನ ಆ ಫೋನು ಮತ್ತು ಭಾನುವಾರದ ಆ ಕುರ್ಚಿ. ಕಾರ್ಖಾನೆಯಲ್ಲಿ ಗಾಜಿನ ಸದ್ದಿಗೆ ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಂಡಿರುತ್ತಾರೆ.

ಹೀಗಿರುವಾಗ ಅವರಿಗೆ ಜ್ವರ ಬಂತು. ಸಾಮಾನ್ಯ ಜ್ವರವೇ, ಆದರೆ ಹಟಮಾರಿ. ಮೊದಲ ಭಾನುವಾರ ಹೋಗಲಾಗಲಿಲ್ಲ. ಎರಡನೆಯದೂ ತಪ್ಪಿತು. ಮಂಚದ ಮೇಲೆ ಮಲಗಿ ಅವರು ಮೆಟ್ಟಿಲಿನ ಸದ್ದು ಕೇಳುತ್ತಿದ್ದರು. ಹೊರಗಿನ ಕಬ್ಬಿಣದ ಮೆಟ್ಟಿಲು. ಬೆಕ್ಕು ಹತ್ತಿದರೂ ಗೊತ್ತಾಗುತ್ತದೆ. ಸದ್ದು ಬಂದಾಗಲೆಲ್ಲ ಎದ್ದು ಕೂತು ತಲೆಗೂದಲು ಸರಿಮಾಡಿಕೊಂಡರು. ಪ್ರತಿ ಸಲವೂ ಅದು ಮೇಲಿನ ಮನೆಗೋ ಕೆಳಗಿನ ಮನೆಗೋ ಆಗಿತ್ತು. ಇಷ್ಟು ವರ್ಷದ ಸ್ನೇಹ, ಒಬ್ಬರಾದರೂ ಬಂದು ಸತ್ತಿದ್ದೀಯೋ ಬದುಕಿದ್ದೀಯೋ ಎಂದು ನೋಡಬಾರದಿತ್ತೇ? ಜ್ವರ ಇಳಿಯುವ ಹೊತ್ತಿಗೆ ಅವರ ಕೋಪ ಚೆನ್ನಾಗಿ ಏರಿತ್ತು. ಮುಂದಿನ ಭಾನುವಾರ ಹೋಗಿ, ಯಾರೊಡನೆಯೂ ಮಾತಾಡದೆ ಕೂರಬೇಕೆಂದು ನಿರ್ಧರಿಸಿದರು. ತಾವು ಮೊದಲಿನಿಂದಲೂ ಹಾಗೇ ಕೂರುತ್ತಿದ್ದವರು, ಈ ಮೌನವನ್ನು ಯಾರೂ ಗುರುತಿಸಲಾರರು ಎಂಬುದು ಅವರಿಗೆ ಹೊಳೆಯಲಿಲ್ಲ.

ಶಟರಿನ ಕೆಳಗೆ ಬಗ್ಗಿ ಒಳಗೆ ಹೋಗಿ ನೋಡುತ್ತಾರೆ, ಅವರ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದಾನೆ. ಔಷಧಿ ಅಂಗಡಿಯವರ ಭಾವಮೈದುನ. ಕೆಂಪು ಅಂಗಿ, ಅದಕ್ಕೆ ಎಲ್ಲ ಗುಂಡಿಯೂ ಇತ್ತು. ಲಾಂಡ್ರಿಗೆ ಇನ್ನೂ ಹೊಸಬ.

"ಓಹೋ, ಬೇಡಪ್ಪನವರು" ಎಂದರು ಕ್ಷೌರಿಕರು. "ಎಲ್ಲಿ ಮಾಯವಾಗಿಬಿಟ್ರಿ?"

"ಜ್ವರ."

"ಅಯ್ಯೋ. ಒಂದು ಮಾತು ಹೇಳಿ ಕಳಿಸೋದಲ್ವಾ?"

"ನೀವೇ ಬರಬಹುದಿತ್ತಲ್ಲ" ಎಂದರು ಬೇಡಪ್ಪನವರು. ಮಾತಾಡಬಾರದೆಂಬ ಶಪಥ ಅಲ್ಲಿಗೆ ಮುರಿಯಿತು.

"ಬರೋಣ ಅಂತಾನೇ ಇದ್ವಿ" ಎಂದರು ಔಷಧಿ ಅಂಗಡಿಯವರು. "ಎಲ್ಲಿಗೆ ಅಂತ ಬರೋದು? ನಿಮ್ಮ ಮನೆ ಸ್ಟೇಷನ್ ಹತ್ರ ಅಂತ ನಾನು. ನೀರಿನ ಟ್ಯಾಂಕ್ ಹಿಂದೆ ಅಂತ ಮೇಷ್ಟ್ರು."

"ಟ್ಯಾಂಕಿನ ಹಿಂದೆಯೇ" ಎಂದರು ಮೇಷ್ಟ್ರು, ಮನೆಯ ಯಜಮಾನ ಎದುರಿಗೇ ನಿಂತಿದ್ದಾನೆಂಬುದನ್ನು ಲೆಕ್ಕಿಸದೆ.

ಲಾಂಡ್ರಿಯಮ್ಮ ಎಲೆಯಿಂದ ತಲೆಯೆತ್ತಿದರು. "ನಾನು ಕಾರ್ಖಾನೆ ಗೇಟಿಗೇ ಹೋಗಿದ್ದೆ ಕಣ್ರೀ. ಬೇಡಪ್ಪ ಅನ್ನೋರ ಮನೆ ಎಲ್ಲಿ ಅಂತ ಕೇಳಿದೆ. ಗೇಟಿನವನು ಬಿದ್ದು ಬಿದ್ದು ನಕ್ಕ. ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ ಅಂದ. ಆಗ ತಲೆಗೆ ಹೋಯ್ತು, ನಿಮ್ಮ ಹೆಸರೇ ನಮಗೆ ಗೊತ್ತಿಲ್ಲ ಅಂತ. ನೀವು ಒಂದಿನ ಆದ್ರೂ ಹೇಳಿದೀರಾ?"

ಬೇಡಪ್ಪನವರು ಇಷ್ಟು ದಿನ ಪ್ರೀತಿಯಿಂದ ಬೆಳೆಸಿದ್ದ ಕೋಪ, ನಿಲ್ಲಲು ನೆಲವಿಲ್ಲದೆ ಕುಸಿಯಿತು.

"ಈಗಾದ್ರೂ ಹೇಳಿ. ಎಲ್ಲಿ ನಿಮ್ಮ ಮನೆ?" ಎಂದರು ಲಾಂಡ್ರಿಯಮ್ಮ.

ಹೇಳಬಹುದಿತ್ತು. ಆದರೆ ಹೆಬ್ಬೆರಳು ಮೊದಲೇ ಅಲುಗಿತು. "ಇಲ್ಲೇ, ಹತ್ತಿರದಲ್ಲೇ" ಎಂದರು.

ಆ ದಿನ ಅವರು ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕೂತರು. ಭಾವಮೈದುನ ಪ್ರತಿಯೊಂದು ಕೈಯನ್ನೂ ಆಡುತ್ತಿದ್ದ. ಮೂರು-ಎಂಟು ಹಿಡಿದು ಸೋತು, "ಎಂಟು ನೋಡೋಕೆ ಚೆನ್ನಾಗಿತ್ತು ಅತ್ತಿಗೆ" ಎಂದು ಲಾಂಡ್ರಿಯಮ್ಮನ ಕಡೆ ನಗುತ್ತಿದ್ದ. ಬಂದು ಹದಿನೈದು ದಿನವಾಗಿಲ್ಲ, ಆಗಲೇ ಅತ್ತಿಗೆ. ಬೇಡಪ್ಪನವರು ಸ್ವಲ್ಪ ಹೊತ್ತು ಇದ್ದು ಎದ್ದರು. ಕ್ಷೌರಿಕರು ಬಾಗಿಲವರೆಗೆ ಬಂದರು.

"ತಪ್ಪು ತಿಳ್ಕೋಬೇಡಿ. ಕುರ್ಚಿ ನಿಮ್ಮದೇ. ಆದ್ರೆ ಈ ಹುಡುಗ ಬಂದ ಮೇಲೆ ಆಟಕ್ಕೆ ಸ್ವಲ್ಪ ಜೀವ ಬಂದಿದೆ. ನೀವು... ನೀವು ಆಡೋದೇ ಇಲ್ಲವಲ್ಲ ಸ್ವಾಮಿ."

"ಆಡ್ತೀನಲ್ಲ. ಕೈ ಬಂದಾಗ."

"ಕೈ ಬಂದಾಗ ಯಾರು ಬೇಕಾದ್ರೂ ಆಡ್ತಾರೆ" ಎಂದರು ಕ್ಷೌರಿಕರು. "ಮುಂದಿನ ವಾರ ಅವನು ಊರಿಗೆ ಹೋಗ್ತಾನೆ, ನೀವು ಬಂದು ಕೂತ್ಕೊಳ್ಳಿ. ಆಮೇಲೆ ಎಲ್ಲರೂ ಸೇರಿ ನೋಡೋಣ."

ಈ "ನೋಡೋಣ" ಎಂಬ ಮಾತಿನ ಅರ್ಥ ಬೇಡಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಹೆಣ್ಣು ನೋಡಿ ಬಂದಾಗಲೆಲ್ಲ ಅವರೇ ಆಡುತ್ತಿದ್ದ ಮಾತು ಅದು.

ಆ ವಾರ ವಾಚನಾಲಯದಲ್ಲಿ ಮೇಷ್ಟ್ರು ಸಿಕ್ಕರು. ಬೇಡಪ್ಪನವರು ಯಾರನ್ನೂ ಸಲಹೆ ಕೇಳಿದವರಲ್ಲ. ಕೇಳಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇನ್ನು ಮುಕ್ಕಾಲು ಗಂಟೆ ಅಲುಗುವಂತಿಲ್ಲ ಎಂಬುದಕ್ಕೆ ಅದು ಸೂಚನೆ.

"ನೋಡಿ, ಬಿಗಿ ಆಟ, ಸಡಿಲ ಆಟ ಅಂತ ಎರಡು. ಬಿಗಿಯೇ ಶಾಸ್ತ್ರ. ಆದರೆ ಬರೀ ಬಿಗಿಯಾದರೆ ನಿಮ್ಮ ಕೈ ಏನು ಅಂತ ಕುರುಡನಿಗೂ ಗೊತ್ತಾಗುತ್ತೆ. ಆದ್ದರಿಂದ ಕೂತ ಜಾಗ ನೋಡಬೇಕು. ಮೊದಲು ಮಾತಾಡೋ ಸರದಿ ಬಂದರೆ ಬಿಗಿ. ಕೊನೆಗೆ ಮಾತಾಡೋ ಸರದಿ ಬಂದರೆ, ಬೇರೆಯವರು ಏನು ಮಾಡಿದರು ಅಂತ ಕಂಡಿರುತ್ತೆ, ಆಗ ಸ್ವಲ್ಪ ಸಡಿಲ. ಎಕ್ಕ-ಹತ್ತು, ಒಂದೇ ಜಾತಿಯ ಅಕ್ಕಪಕ್ಕದ ಎಲೆ, ಸಣ್ಣ ಜೋಡಿ, ಇವನ್ನೆಲ್ಲ ಆಡಬಹುದು. ಏಳು-ಎರಡು ಮಾತ್ರ ಯಾವ ಕಾಲಕ್ಕೂ ಮುಟ್ಟಬಾರದು. ಅದಕ್ಕಿಂತ ದರಿದ್ರ ಕೈ ಇನ್ನೊಂದಿಲ್ಲ."

"ನೀವು ಹಾಗೇ ಆಡ್ತೀರಾ ಮೇಷ್ಟ್ರೇ?"

"ಶಾಸ್ತ್ರ ಬೇರೆ" ಎಂದರು ಮೇಷ್ಟ್ರು, ಹೆಚ್ಚುಕಡಿಮೆ ಪ್ರತಿ ಭಾನುವಾರ ಟೀ ತರುವವರು. "ಎಲೆ ಬರಬೇಕಲ್ಲ."

ಬೇಡಪ್ಪನವರು ಮನೆಯಲ್ಲಿ ಅಭ್ಯಾಸ ಶುರುಮಾಡಿದರು. ಮಂಚದ ಮೇಲೆ ಐದು ಜನಕ್ಕೆ ಎಲೆ ಹಾಕುವುದು, ತಮ್ಮ ಎರಡನ್ನು ನೋಡುವುದು, ಆಡುವುದೋ ಇಡುವುದೋ ಎಂದು ಯೋಚಿಸುವುದು. ಯೋಚನೆ ಮುಗಿಯುವಷ್ಟರಲ್ಲಿ ಹೆಬ್ಬೆರಳು ಎಲೆಯನ್ನು ತಳ್ಳಿಯಾಗಿರುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ನೋಡಿದರು. ಹೆಬ್ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಬಚ್ಚಿಟ್ಟು ನೋಡಿದರು. ಗುಲಾಮ-ಆರು ಬಂದಾಗ, ಉಸಿರು ಬಿಗಿಹಿಡಿದು, ಮಂಚದ ಆ ಬದಿಯ ದಿಂಬಿಗೆ "ಇದೀನಿ" ಎಂದರು. ದಿಂಬು ಏನೂ ಹೇಳಲಿಲ್ಲ. ಉಳಿದ ಮೂರು ಜಾಗಗಳಂತೂ ಮೊದಲೇ ಖಾಲಿ. ಅಕ್ಕನ ಫೋನು ಬಿಟ್ಟರೆ, ಎಷ್ಟೋ ಕಾಲದ ಮೇಲೆ ಆ ಕೋಣೆಯಲ್ಲಿ ಅವರು ಗಟ್ಟಿಯಾಗಿ ಆಡಿದ ಮಾತು ಅದು, ಅದೂ ದಿಂಬಿನೊಡನೆ.

ಈ ಅಭ್ಯಾಸ ಕಾರ್ಖಾನೆಗೂ ಹಿಂಬಾಲಿಸಿತು. ಗುರುವಾರವೋ ಶುಕ್ರವಾರವೋ, ಕೆಮ್ಮಿನ ಔಷಧಿಯ ಕಂದು ಸೀಸೆಗಳು ಸಾಗುತ್ತಿದ್ದಾಗ, ಕತ್ತಿನ ಬಳಿ ಸಾಸಿವೆಯಷ್ಟು ಗುಳ್ಳೆಯಿದ್ದ ಒಂದು ಸೀಸೆ ಬಂತು. ಹೆಬ್ಬೆರಳು ಎದ್ದಿತು. ಬೇಡಪ್ಪನವರು ಅದನ್ನು ತಡೆದರು. ಇರಲಿ ಹೋಗಲಿ ಎಂದುಕೊಂಡರು. ಆ ಗುಳ್ಳೆ ಯಾರ ಕೆಮ್ಮಿಗೂ ಅಡ್ಡಿ ಬರುವಂಥದ್ದಲ್ಲ. ಸೀಸೆ ಪರದೆ ದಾಟಿತು, ಬೆಳಕಿನಿಂದಾಚೆ ಹೋಯಿತು. ಬೇಡಪ್ಪನವರು ಅಷ್ಟು ಹೊತ್ತು ತಡೆದುಕೊಂಡರು. ಆಮೇಲೆ ಕುರ್ಚಿ ಬಿಟ್ಟೆದ್ದು, ಪಟ್ಟಿಯ ಗುಂಟ ಓಡಿ, ಇನ್ನೇನು ಪೆಟ್ಟಿಗೆಗೆ ಇಳಿಯಲಿದ್ದ ಸೀಸೆಯನ್ನು ಕತ್ತು ಹಿಡಿದು ಎತ್ತಿದರು. ಮೇಲ್ವಿಚಾರಕ ಬಂದು ಏನಾಯ್ತೆಂದು ಕೈಸನ್ನೆಯಲ್ಲಿ ಕೇಳಿದ. ಏನಿಲ್ಲ ಎಂದು ತಲೆಯಾಡಿಸಿದರು. ಅವರು ಬಿಟ್ಟೆದ್ದ ಅಷ್ಟು ಹೊತ್ತಿನಲ್ಲಿ ಯಾರೂ ನೋಡದ ಸೀಸೆಗಳು ಒಂದಷ್ಟು ಸಾಗಿಹೋಗಿದ್ದವು. ಅವನ್ನೂ ಹುಡುಕಿ ತೆಗೆಯಬೇಕಾಯಿತು.

ಭಾನುವಾರ ಬಂತು. ಬೇಡಪ್ಪನವರು ಎಲ್ಲರಿಗಿಂತ ಮೊದಲು ಹೋಗಿ, ಕನ್ನಡಿಗೆ ಬಟ್ಟೆ ಹಾಕಲು ಕೈಜೋಡಿಸಿ, ತಮ್ಮ ಕುರ್ಚಿಯಲ್ಲಿ ಕೂತರು. ಮೊದಲ ಕೈಯಲ್ಲೇ ಒಂಬತ್ತು-ನಾಲ್ಕು. ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಂಡರು.

"ಇದೀನಿ" ಎಂದು ಗುಂಡಿ ಹಾಕಿದರು.

"ಬಂದ ತಕ್ಷಣ ಎಕ್ಕದ ಜೋಡಿ" ಎಂದು ನಿಟ್ಟುಸಿರು ಬಿಟ್ಟು ಔಷಧಿ ಅಂಗಡಿಯವರು ಎಲೆ ಇಟ್ಟರು. ಕ್ಷೌರಿಕರು ಇಟ್ಟರು. ಮೇಷ್ಟ್ರು, "ಬಿಗಿ ಆಟಗಾರ ಬಂದಾಗ ಎದ್ದು ದಾರಿ ಬಿಡಬೇಕು" ಎಂದು ಶಾಸ್ತ್ರ ಹೇಳಿ ಇಟ್ಟರು. ಯಾವ ಎಲೆಯನ್ನೂ ವಾಪಸ್ ಕಳಿಸದ ಲಾಂಡ್ರಿಯಮ್ಮ ಕೂಡ, "ಗೊತ್ತಿದ್ದೂ ಗೊತ್ತಿದ್ದೂ ಗೋಡೆಗೆ ತಲೆ ಚಚ್ಚಿಕೊಳ್ಳಲಾ?" ಎಂದು ಇಟ್ಟುಬಿಟ್ಟರು.

ಐದು ಗುಂಡಿ ಬೇಡಪ್ಪನವರಿಗೆ.

ಎರಡನೆಯ ಕೈ, ಗುಲಾಮ-ಮೂರು. ಇದ್ದೇನೆ ಎಂದರು. ಎಲ್ಲರೂ ಬಿಟ್ಟರು. ಮೂರನೆಯದು, ಹತ್ತು-ಐದು. ಆಗಲೂ ಎಲ್ಲರೂ ಬಿಟ್ಟರು. ಅವರು ಸಡಿಲವಾದಷ್ಟೂ ಮೇಜು ಬಿಗಿಯಾಯಿತು. ಇಷ್ಟು ವರ್ಷ ಕೂಡಿಟ್ಟ ನಂಬಿಕೆ ಈಗ ಒಟ್ಟಿಗೆ ಗುಂಡಿಯ ರೂಪದಲ್ಲಿ ಬಂದು ಮುಂದೆ ರಾಶಿ ಬೀಳುತ್ತಿತ್ತು. ಬಟಾಣಿಯಂಥ ಗುಂಡಿ, ಕೋಟಿನ ದೊಡ್ಡ ಗುಂಡಿ, ನಾಲ್ಕು ತೂತಿನದು, ಎರಡು ತೂತಿನದು. ಆಟದಲ್ಲಿ ನಗು ನಿಂತುಹೋಗಿತ್ತು. ಔಷಧಿ ಅಂಗಡಿಯವರು ಆಕಳಿಸಿದರು. "ಜ್ವರದಲ್ಲಿ ಮಲಗಿ ಎಕ್ಕಗಳ ಮೇಲೇ ಕಾವು ಕೂತಿದ್ರಾ ಹೇಗೆ?" ಎಂದರು, ತಮಾಷೆಯಲ್ಲಿ ಉಪ್ಪಿರಲಿಲ್ಲ. ಕ್ಷೌರಿಕರು ಶಟರಿನ ಕಡೆ, ಹೋಗಿಬರುವವರ ಕಾಲುಗಳ ಕಡೆ ನೋಡಲು ಶುರುಮಾಡಿದರು.

ಬೇಡಪ್ಪನವರು ರಾಶಿಯ ಹಿಂದೆ ಕೂತಿದ್ದರು. ಇಷ್ಟು ಗುಂಡಿ ಅವರು ಯಾವತ್ತೂ ಗೆದ್ದಿರಲಿಲ್ಲ. ಬೇಕಾಗಿದ್ದದ್ದು ಗುಂಡಿಯಲ್ಲ, ಯಾರಾದರೂ ಒಬ್ಬರು, ನೋಡೇಬಿಡೋಣ ಎಂದು ಕೊನೆಯ ಎಲೆ ಬೀಳುವ ತನಕ ಜೊತೆಗೆ ಬರುವುದು. ಯಾರೂ ಬರಲಿಲ್ಲ. ಹೀಗೇ ಇನ್ನರ್ಧ ಗಂಟೆ ಕಳೆದರೆ, ಸಂಜೆಗೆ "ನೋಡೋಣ" ಎಂಬುದರ ತೀರ್ಮಾನ ಏನಾಗುತ್ತದೆಂದು ಹೇಳಲು ಶಾಸ್ತ್ರ ಬೇಕಾಗಿರಲಿಲ್ಲ.

ಮುಂದಿನ ಕೈ. ಆಟೀನಿನ ಏಳು, ಕಳಾವರದ ಎರಡು. ಮೇಷ್ಟ್ರು ಹೇಳಿದ್ದ ದರಿದ್ರ. ಬೇಡಪ್ಪನವರು ಒಂದು ಹಿಡಿ ಗುಂಡಿ ಎತ್ತಿ ನಡುವೆ ಹಾಕಿದರು. ನಾಲ್ವರೂ ಸಾಲಾಗಿ ಎಲೆ ಇಟ್ಟರು. ಇಲ್ಲಿಗೆ ಆಟ ಮುಗಿದಂತೆ. ಎಲ್ಲರೂ ಬಿಟ್ಟ ಮೇಲೆ ಗೆದ್ದವರು ತಮ್ಮ ಎಲೆ ತೋರಿಸಬೇಕಾಗಿಲ್ಲ, ಬೇಡಪ್ಪನವರು ಯಾವತ್ತೂ ತೋರಿಸಿದವರೂ ಅಲ್ಲ. ಈ ಸಲ ಎರಡನ್ನೂ ಅಂಗಾತ ಮಾಡಿ ಮೇಜಿನ ನಡುವೆ ಇಟ್ಟರು.

ಮೇಷ್ಟ್ರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಏಳು ಏಳೇ ಆಗಿತ್ತು, ಎರಡು ಎರಡೇ.

"ಇದರಲ್ಲಿ ಆಡಿದ್ರಾ?" ಎಂದರು ಲಾಂಡ್ರಿಯಮ್ಮ.

"ಹೂಂ."

"ಹಿಂದಿನದು?"

"ಹತ್ತು-ಐದು."

"ಅದರ ಹಿಂದಿನದು?"

"ಗುಲಾಮ-ಮೂರು."

"ನಾನು ಎರಡು ಹತ್ತು ಇಟ್ಟೆ ಕಣ್ರೀ" ಎಂದರು ಕ್ಷೌರಿಕರು. "ಗುಲಾಮ-ಮೂರಕ್ಕೆ ಹೆದರಿ ಎರಡು ಹತ್ತು ಇಟ್ಟೆ."

"ಇದು ನಿಯಮಕ್ಕೆ ವಿರುದ್ಧ ಅಂತ ಹೇಳೋಕಾಗಲ್ಲ" ಎಂದರು ಮೇಷ್ಟ್ರು. "ಆದರೆ ಸಭ್ಯತೆ ಅಂತ ಒಂದಿರುತ್ತೆ."

ಮೊದಲು ನಕ್ಕದ್ದು ಲಾಂಡ್ರಿಯಮ್ಮ. ಡಬ್ಬಿಯೊಳಗೆ ಗುಂಡಿ ಅಲುಗಿಸಿದಂಥ ನಗು. ಆಮೇಲೆ ಔಷಧಿ ಅಂಗಡಿಯವರು. "ಎಲೆ ಹಾಕ್ರೀ, ಬೇಗ ಹಾಕ್ರೀ" ಎಂದು ತೋಳು ಮಡಿಸಿಕೊಂಡರು. "ಈ ಮನುಷ್ಯನ್ನ ಇವತ್ತು ಬಿಡೋದಿಲ್ಲ."

ಬಿಡಲಿಲ್ಲ. ಬೇಡಪ್ಪನವರು ಇದ್ದೇನೆ ಎಂದಾಗಲೆಲ್ಲ ಇಬ್ಬರು ಮೂವರು ನಾವೂ ಇದ್ದೇವೆ ಎಂದರು. ಎಂಟು-ಐದು ಹಿಡಿದು ಲಾಂಡ್ರಿಯಮ್ಮನ ಜೊತೆ ಕೊನೆಯ ಎಲೆಯವರೆಗೆ ಹೋದರು. ಮೇಜಿನ ಮೇಲೆ ಬಿದ್ದ ಐದರಲ್ಲಿ ಒಂದೂ ಇಬ್ಬರಿಗೂ ಒಗ್ಗಲಿಲ್ಲ. ಆಕೆ ರಾಣಿ-ಮೂರು ತೋರಿಸಿ, "ರಾಣಿ ದೊಡ್ಡವಳು, ಸರೀರಿ ಆಕಡೆ" ಎಂದು ಗುಂಡಿಗಳನ್ನು ಸೆರಗಿನತ್ತ ಬಾಚಿಕೊಂಡರು. ರಾಶಿ ಕರಗುತ್ತ ಬಂತು. ಮಧ್ಯೆ ಒಮ್ಮೆ ಅವರಿಗೆ ನಿಜವಾಗಿಯೂ ಎರಡು ರಾಜ ಬಂದರು. ಯಾರೂ ನಂಬಲಿಲ್ಲ. ಎಲ್ಲರೂ ಸೇರಿ ಮೈಮೇಲೆ ಬಿದ್ದು ಸೋತರು. ಅದರಿಂದ ಸ್ವಲ್ಪ ಹೊತ್ತು ಉಸಿರಾಡಿ, ಮತ್ತೆ ಎಲ್ಲವನ್ನೂ ಮೇಷ್ಟ್ರಿಗೆ ಕಳೆದುಕೊಂಡರು. ಮೇಷ್ಟ್ರು ಗೆದ್ದ ಗುಂಡಿಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ, ಇದು ಶಾಸ್ತ್ರದ ಜಯವೆಂದು ವಿವರಿಸಿದರು.

ಬೇಡಪ್ಪನವರ ಮುಂದೆ ಬರೀ ಮೇಜು ಉಳಿಯಿತು.

"ಟೀ" ಎಂದರು ಎಲ್ಲರೂ.

ಅವರು ಎದ್ದು ನಿಂತರು. ಟೀ ಅಂಗಡಿ ಯಾವ ಕಡೆ ಎಂದೇ ಗೊತ್ತಿರಲಿಲ್ಲ. ಎಡಕ್ಕೆ ಹೋಗಿ, ಬೀಗ ರಿಪೇರಿಯವನ ಪಕ್ಕ ಎಂದರು ಕ್ಷೌರಿಕರು. ಯಾರಿಗೆ ಹೇಗೆ ಎಂಬುದೂ ಗೊತ್ತಿರಲಿಲ್ಲ. ಔಷಧಿ ಅಂಗಡಿಯವರಿಗೆ ಸಕ್ಕರೆ ಇಲ್ಲದ್ದು, ಲಾಂಡ್ರಿಯಮ್ಮನಿಗೆ ಅವರ ಪಾಲಿನ ಸಕ್ಕರೆಯನ್ನೂ ಸೇರಿಸಿ ಹಾಕಿದ್ದು, ಮೇಷ್ಟ್ರಿಗೆ ಬಿಸಿ ಆರದಂತೆ ಮುಚ್ಚಿ ತರಬೇಕಾದ್ದು. ದಾರಿಯುದ್ದಕ್ಕೂ ಅದನ್ನು ಬಾಯಿಪಾಠ ಮಾಡುತ್ತ ಹೋದರು. ಇಷ್ಟು ವರ್ಷ ಅದೇ ಟೀಯನ್ನು ಅವರ ಜೊತೆ ಕೂತು ಕುಡಿದಿದ್ದರು, ಬೀದಿಯ ಕಡೆ ಮುಖ ಮಾಡಿಕೊಂಡು.

ಟೀ ಕುಡಿಯುತ್ತ ಕ್ಷೌರಿಕರು ಮಾತೆತ್ತಿದರು. "ಇವತ್ತಿನಂಥ ಆಟ ಎಷ್ಟು ದಿನವಾಗಿತ್ತೋ. ಆದ್ರೆ ಆ ಹುಡುಗನಿಗೂ ಬಾ ಅಂದುಬಿಟ್ಟಿದೀನಿ. ಈಗ ಬೇಡ ಅನ್ನೋಕಾಗಲ್ಲ. ಕುರ್ಚಿ ಇರೋದು ಐದೇ."

"ನನ್ನ ಹೆಂಡತಿ ತಮ್ಮ" ಎಂದರು ಔಷಧಿ ಅಂಗಡಿಯವರು, ತಪ್ಪೊಪ್ಪಿಕೊಳ್ಳುವವರ ಹಾಗೆ.

"ಅದಕ್ಕೆ ವಾರ ಬಿಟ್ಟು ವಾರ ಮಾಡೋಣ. ಒಂದು ವಾರ ನೀವು, ಒಂದು ವಾರ ಅವನು. ಏನಂತೀರಿ?"

ಅರ್ಧ ಕುರ್ಚಿ. ಬೇಡಪ್ಪನವರು ಲೋಟದೊಳಗೆ ನೋಡಿದರು. ಮೊದಲಿನ ಬೇಡಪ್ಪನವರಾಗಿದ್ದರೆ ಅದರಲ್ಲಿ ಗುಳ್ಳೆ ಕಂಡು ತಳ್ಳಿಬಿಡುತ್ತಿದ್ದರು. "ಆಗಲಿ" ಎಂದರು.

"ಅವನು ಆಗಾಗ ಊರಿಗೆ ಹೋಗ್ತಿರ್ತಾನೆ. ಆಗ ನಿಮಗೆ ಹೇಳಿ ಕಳಿಸಬೇಕಲ್ಲ, ಎಲ್ಲಿಗೆ ಅಂತ ಕಳಿಸೋಣ?"

"ಟ್ಯಾಂಕಿನ ಹಿಂದೆ" ಎಂದರು ಮೇಷ್ಟ್ರು.

"ಐಸ್ ಕಾರ್ಖಾನೆ ಪಕ್ಕದ ಓಣಿ" ಎಂದರು ಬೇಡಪ್ಪನವರು. "ಹೊರಗಡೆ ಕಬ್ಬಿಣದ ಮೆಟ್ಟಿಲು ಇದೆ. ಎರಡನೇ ಬಾಗಿಲು. ಬೆಲ್ ಇದೆ, ಆದರೆ ಕೆಲಸ ಮಾಡಲ್ಲ. ತಟ್ಟಬೇಕು."

ಮಾತು ಆಗಲೇ ಮೇಷ್ಟ್ರ ಅಳಿಯನ ಕಡೆ ಹೊರಳಿತ್ತು. ಯಾರಿಗೆ ಎಷ್ಟು ಕೇಳಿಸಿತೋ ತಿಳಿಯಲಿಲ್ಲ. ಲಾಂಡ್ರಿಯಮ್ಮ ಮಾತ್ರ, "ಬೆಲ್ ಸರಿ ಮಾಡಿಸ್ಕೊಳ್ಳಿ" ಎಂದರು. ಹೆಸರನ್ನು ಯಾರೂ ಕೇಳಲಿಲ್ಲ.

ಮುಂದಿನ ಭಾನುವಾರ ಅವರ ವಾರವಲ್ಲ. ಬೆಳಿಗ್ಗೆ ಕೋಣೆ ಗುಡಿಸಿದರು. ಬೆಲ್ಲಿಗೆ ಹೊಸ ತಂತಿ ಹಾಕಿ, ಹೊರಗೆ ನಿಂತು ತಾವೇ ಒತ್ತಿ, ಒಳಗೆ ಓಡಿಹೋಗಿ ಸದ್ದು ಕೇಳುತ್ತದೆಯೇ ನೋಡಿದರು. ಇದು ಒಬ್ಬರಿಂದ ಆಗುವ ಕೆಲಸವಲ್ಲವೆಂದು ಮೂರನೆಯ ಸಲ ಗೊತ್ತಾಯಿತು. ಊಟವಾದ ಮೇಲೆ ಒಂದು ಪಾತ್ರೆ ತುಂಬ ನೀರನ್ನು ಒಲೆಯ ಮೇಲಿಟ್ಟು, ಬೆಂಕಿ ಹಚ್ಚದೆ, ಕಾದರು. ಮೆಟ್ಟಿಲು ಸದ್ದಾಯಿತು. ಮೇಲಿನ ಮನೆಯವರು. ಮತ್ತೆ ಸದ್ದಾಯಿತು. ಮತ್ತೆ ಮೇಲಿನ ಮನೆಯವರೇ, ಏನನ್ನೋ ಮರೆತು ಬಂದಿದ್ದರು.

ಬಹಳ ಹೊತ್ತಿನ ಮೇಲೆ ಒಂದು ಸರಳ ವಿಷಯ ಅವರ ತಲೆಗೆ ಹೋಯಿತು. ಈ ಲೋಕದಲ್ಲಿ ಅವರ ಮನೆಗೆ ಬರಬಹುದಾದ ನಾಲ್ಕು ಜನ, ಈ ಹೊತ್ತು, ಅವರಿಲ್ಲದ ಆ ಮೇಜಿನ ಸುತ್ತ ಕೂತು ಇಸ್ಪೀಟು ಆಡುತ್ತಿದ್ದಾರೆ. ಬರುವುದಾದರೂ ಹೇಗೆ? ಎಂಥ ದಡ್ಡ ನಾನು ಎಂದು ಗಟ್ಟಿಯಾಗಿಯೇ ಅಂದುಕೊಂಡರು.

ಅಂಗಿ ಬದಲಿಸಿ ಬಾಗಿಲಿಗೆ ಬೀಗ ಹಾಕಿದರು. ದಾರಿಯಲ್ಲಿ ಎರಡು ಸಲ ನಿಂತರು. ಅವರ ವಾರವಲ್ಲ. ಕರೆದಿಲ್ಲ. ಕುರ್ಚಿಯಿಲ್ಲ, ಎಲೆಯಿಲ್ಲ, ಗುಂಡಿಯಿಲ್ಲ. ಕೈಯಲ್ಲಿ ಏಳು-ಎರಡಾದರೂ ಇದ್ದರೆ ಹೇಳಿಕೊಳ್ಳಲು ಒಂದು ನೆಪವಿರುತ್ತಿತ್ತು. ಕ್ಷೌರದಂಗಡಿಯ ಮುಂದೆ ನಿಂತು ಸ್ವಲ್ಪ ಹೊತ್ತು ಒಳಗಿನ ಮಾತು ಕೇಳಿದರು. ಆಮೇಲೆ ಬಗ್ಗಿ ಶಟರಿನ ಕೆಳಗೆ ನುಸುಳಿದರು.

ಎಲ್ಲರೂ ತಲೆಯೆತ್ತಿದರು. ಭಾವಮೈದುನ ಕುರ್ಚಿಯಿಂದ ಅರ್ಧ ಎದ್ದ.

"ಕೂತ್ಕೋ, ಕೂತ್ಕೋ" ಎಂದರು ಬೇಡಪ್ಪನವರು.

"ಇವತ್ತು ನಿಮ್ಮ ವಾರ ಅಲ್ಲವಲ್ಲ" ಎಂದರು ಕ್ಷೌರಿಕರು.

"ಗೊತ್ತು."

"ಮತ್ತೆ ಏನಾದ್ರೂ ಕೆಲಸವಿತ್ತಾ?"

"ಇಲ್ಲ. ಸುಮ್ಮನೆ ಬಂದೆ."

ಮೇಷ್ಟ್ರು ಎಲೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದರು. ಲಾಂಡ್ರಿಯಮ್ಮ ಬೆಂಚಿನ ಮೇಲಿದ್ದ ತಮ್ಮ ಚೀಲವನ್ನು ಎತ್ತಿ ಕೆಳಗಿಟ್ಟು ಜಾಗ ಮಾಡಿದರು. "ಕೂತ್ಕೊಳ್ಳಿ. ಆದ್ರೆ ನನ್ನ ಎಲೆ ನೋಡಿ ಮುಖ ಮಾತ್ರ ಹಾಗೆ ಮಾಡಬೇಡಿ, ಎಲ್ಲರಿಗೂ ಗೊತ್ತಾಗಿಬಿಡುತ್ತೆ."

ಆಟ ಮುಂದುವರಿಯಿತು. ಅವರಿಗೆ ಯಾರೂ ಎಲೆ ಹಾಕಲಿಲ್ಲ, ಹಾಕುವಂತೆಯೂ ಇರಲಿಲ್ಲ. ಔಷಧಿ ಅಂಗಡಿಯವರ ಹೆಂಡತಿಗೆ ಸೊಂಟನೋವು ಕಡಿಮೆಯಾಗಿ ಈಗ ಮಂಡಿನೋವು ಶುರುವಾಗಿದೆಯಂತೆ. ಬೇಡಪ್ಪನವರು ಮೇಜಿನ ಕಡೆ ಮುಖ ಮಾಡಿ ಕೂತು ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, ಬಾಯಿಗೆ ಬಂದದ್ದನ್ನು ಒಂದು ಸಲ ನುಂಗಿಕೊಂಡು, ಎಡಗಾಲೋ ಬಲಗಾಲೋ ಎಂದು ಕೇಳಿದರು.